ಫರೋಕ್‌ನ ಹಂಚಿನ ಕಾರ್ಖಾನೆಗಳನ್ನು ಹೊಳೆಯ ಕಡೆಯಿಂದ ನೋಡಿ

ಕಲ್ಲಿಕೋಟೆಯ ಹತ್ತಿರದ ಫರೋಕ್‌ನಲ್ಲಿ ಹೊಳೆಬದಿಗೆ ಹಳೆಯ ಹಂಚಿನ ಕಾರ್ಖಾನೆಗಳಿವೆ, ಎಷ್ಟೋ ಮುಚ್ಚಿಹೋಗಿವೆ. ಅವನ್ನು ನೋಡಲು ಹೊರಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮದು ಹಳೆಯ ಹಂಚಿನ ಮನೆಯಾದರೆ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ, ಹಂಚಿನ ಒಳಮೈ ನೋಡಿ. ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿ ಕೂಡ ಅಚ್ಚೊತ್ತಿರುತ್ತದೆ. ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ಆಗಾಗ ರಿಪೇರಿ ಆಗಿರುವುದರಿಂದ ಒಂದೇ ಮಾಡಿನಲ್ಲಿ ನಾಲ್ಕಾರು ಕಾರ್ಖಾನೆಗಳ ಹಂಚು ಸಿಗುತ್ತದೆ. ಆ ಹೆಸರುಗಳನ್ನು ಬರೆದುಕೊಳ್ಳಿ. ಫರೋಕ್‌ನಲ್ಲಿ ಬೀಗ ಹಾಕಿದ ಗೇಟಿನ ಮುಂದೆ ನಿಂತಾಗ ಆ ಪಟ್ಟಿಯೇ ನಿಮ್ಮ ಪರಿಚಯಪತ್ರ.

ಕಾಸರಗೋಡಿನವರಿಗೆ ಇದು ಒಂದು ದಿನದಲ್ಲಿ ಮುಗಿಸಬಹುದಾದ ಪ್ರವಾಸ. ಕಾಸರಗೋಡಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಸುಮಾರು 175 ಕಿ.ಮೀ., ಹೆಚ್ಚಿನ ರೈಲುಗಳಲ್ಲಿ ಮೂರು ಗಂಟೆಯ ಆಸುಪಾಸು. ಫರೋಕ್ ಅದರಿಂದ ಸುಮಾರು 10 ಕಿ.ಮೀ. ಮುಂದೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ, ಹಿಂದಿನ ದಿನವೇ ನೋಡಿಕೊಳ್ಳಿ. ನಿಲ್ಲದಿದ್ದರೆ ಕಲ್ಲಿಕೋಟೆಯಲ್ಲಿ ಇಳಿದು ಬಸ್ಸು ಹಿಡಿದರೂ ತೊಂದರೆಯಿಲ್ಲ. ವಂದೇ ಭಾರತಕ್ಕೆ ದುಡ್ಡು ಸುರಿಯುವ ಅಗತ್ಯ ಈ ಪ್ರವಾಸಕ್ಕೆ ಇಲ್ಲ. ಬೆಳಿಗ್ಗೆ ಬೇಗ ಹೊರಡುವ ರೈಲು ಬೇಕು, ಅಷ್ಟೆ. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ. ಚಂದ್ರಗಿರಿ ಹೊಳೆ ದಾಟುವಾಗ ತಳಂಗರೆಯ ಕಡೆ ಕಣ್ಣು ಹಾಯಿಸಿ. ಒಂದು ಕಾಲಕ್ಕೆ ನಮ್ಮೂರಿನ ಸರಕು ಹೋಗಿ ಬರುತ್ತಿದ್ದದ್ದು ಅಂಥ ಅಳಿವೆಬಾಗಿಲುಗಳಿಂದಲೇ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಹೊಳೆಯಿಂದ ಹಳಿಗೆ, ಹಳಿಯಿಂದ ಲಾರಿಗೆ ಸರಕು ದಾಟುತ್ತಾ ಹೋದ ಹಾಗೆ ದಕ್ಕೆಗಳು ಹೇಗೆ ಬಡವಾದವು ಎಂಬುದನ್ನು ಇಡೀ ದಿನ ನೋಡಲಿದ್ದೀರಿ.

ಹಂಚಿನ ಕತೆ ಶುರುವಾಗುವುದು ಮಂಗಳೂರಿನಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ಬದಿಯಲ್ಲಿ, ಮೊದಲ ಕಾರ್ಖಾನೆ ಹಾಕಿದರು. ಆಮೇಲೆ ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ, ಕೊಡಕ್ಕಲ್, ಪಾಲಕ್ಕಾಡ್. ಫರೋಕ್‌ನದ್ದು 1905ರದ್ದು. ಮೊದಲ ಮಹಾಯುದ್ಧದ ನಂತರ ಅವರ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಖಾಸಗಿಯವರೂ ಸಾಲುಸಾಲಾಗಿ ಬಂದರು. ಎಲ್ಲರೂ ಹೊಳೆಬದಿಯನ್ನೇ ಹುಡುಕಿದ್ದಕ್ಕೆ ಕಾರಣ ಸರಳ. ಆವೆಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ದೋಣಿಯಲ್ಲಿ ಬರಬೇಕು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗಬೇಕು. ಒಂದೊಂದು ಹಂಚು ಎರಡು ಕಿಲೋ ಮೇಲೆ ತೂಗುತ್ತದೆ, ತಾಗಿದರೆ ಒಡೆಯುತ್ತದೆ. ಅಂದಿನ ರಸ್ತೆಯಲ್ಲಿ ಎತ್ತಿನಗಾಡಿ ಮೇಲೆ ಅದನ್ನು ಸಾಗಿಸುವುದು ಲಾಭದ ಕೆಲಸ ಆಗಿರಲಿಲ್ಲ.

ಅದಕ್ಕೇ ಹೇಳುವುದು, ಈ ಕಾರ್ಖಾನೆಗಳ ಮುಂಬಾಗಿಲು ಇರುವುದು ಹೊಳೆಯ ಕಡೆಗೆ. ರಸ್ತೆಯಿಂದ ಕಾಣುವುದು ಹಿತ್ತಿಲು. ರಸ್ತೆಬದಿಯ ಗೇಟಿನ ಫೋಟೋ ತೆಗೆದು ವಾಪಸ್ ಬರುವವರು ಅರ್ಧವನ್ನೂ ನೋಡಿರುವುದಿಲ್ಲ.

ಫರೋಕ್ ಸ್ಟೇಷನ್ನಿನಿಂದ ಹಳೆ ಸೇತುವೆಯ ಕಡೆಗೆ ನಡೆಯಿರಿ. ಚಾಲಿಯಾರ್ ಹೊಳೆಗೆ ಅಡ್ಡ ಹಾಕಿದ 1883ರ ಕಬ್ಬಿಣದ ಸೇತುವೆ ಅದು, ಅಗಲ ಕಮ್ಮಿ, ವಾಹನ ಜಾಸ್ತಿ. ಸೇತುವೆಯ ಬದಿಯಿಂದಲೇ ಒಂದೆರಡು ಹೊಗೆಗೂಡು ಕಾಣುತ್ತದೆ. ದಾರಿ ಕೇಳುವಾಗ ‘ಓಟ್ಟುಕಂಪನಿ’ (ಮಲಯಾಳದಲ್ಲಿ ಹಂಚಿನ ಕಾರ್ಖಾನೆ) ಎನ್ನಿ, ಫ್ಯಾಕ್ಟರಿ ಎಂದರೆ ಯಾವ ಫ್ಯಾಕ್ಟರಿ ಎಂದು ಮರುಪ್ರಶ್ನೆ ಬರುತ್ತದೆ. ಸೇತುವೆಯ ಕೆಳಗೆ, ಕಡವಿನ ಬದಿಯಲ್ಲಿ ಮೀನು ಹಿಡಿಯುವವರ, ಮರುವಾಯಿ (ಚಿಪ್ಪುಮೀನು) ತೆಗೆಯುವವರ ದೋಣಿಗಳು ಇರುತ್ತವೆ. ಒಂದೆರಡು ಗಂಟೆಗೆ ಎಷ್ಟು ಎಂದು ಮೊದಲೇ ಮಾತಾಡಿ. ನಮ್ಮ ಜತೆ ಬಂದಿದ್ದ ಚಿಕ್ಕಪ್ಪನ ಮಗನ ಮಲಯಾಳ ಅಚ್ಚುಕಟ್ಟು, ಹಾಗಾಗಿ ಮಾತು ಬೇಗ ಕುದುರಿತು. ಕಾಸರಗೋಡಿನ ಮಲಯಾಳವೂ ನಡೆಯುತ್ತದೆ, ನಕ್ಕು ಉತ್ತರ ಕೊಡುತ್ತಾರೆ. ಲೈಫ್ ಜಾಕೆಟ್ ಕೇಳಿ, ಇಲ್ಲ ಎಂದರೆ ಆ ದೋಣಿ ಬಿಡಿ. ಹೊಳೆ ಅಲ್ಲಿ ಅಗಲ, ಸಮುದ್ರದ ಸೆಳೆತವೂ ತಾಗುತ್ತದೆ.

ಇಳಿತದ ಹೊತ್ತಿಗೆ ಹೋದರೆ ಹೆಚ್ಚು ಕಾಣುತ್ತದೆ. ಭರತದಲ್ಲಿ ಮುಳುಗಿರುವ ಮುರಕಲ್ಲಿನ ಮೆಟ್ಟಿಲು ಆಗ ಹೊರಗೆ ಬರುತ್ತವೆ. ಅದರ ಕೆಳಗೆ ದಡವೆಲ್ಲ ಕೆಂಪು. ಹತ್ತಿರ ಹೋಗಿ ನೋಡಿದರೆ ಅದು ಮಣ್ಣಲ್ಲ, ಒಡೆದ ಹಂಚಿನ ಚೂರು. ಸುಟ್ಟಾಗ ಬಿರುಕು ಬಿಟ್ಟದ್ದು, ದೋಣಿಗೆ ಏರಿಸುವಾಗ ಜಾರಿದ್ದು, ಎಲ್ಲವನ್ನೂ ತಲೆಮಾರುಗಟ್ಟಲೆ ಅಲ್ಲೇ ಸುರಿದಿದ್ದಾರೆ. ನೀರು ಉಜ್ಜಿ ಅಂಚೆಲ್ಲ ನುಣ್ಣಗಾಗಿದೆ. ಕೆಲವು ಚೂರಿನಲ್ಲಿ ಅಕ್ಷರ ಇನ್ನೂ ಓದಬಹುದು. ಮೆಟ್ಟಿಲ ಬದಿಯಲ್ಲಿ ದೋಣಿ ಕಟ್ಟುವ ಕಬ್ಬಿಣದ ಬಳೆ, ಅದರ ಸುತ್ತ ಹಗ್ಗ ಉಜ್ಜಿ ಕಲ್ಲಿನಲ್ಲಿ ಬಿದ್ದ ಗೀರು. ಬೆರಳಿಟ್ಟರೆ ಬೆರಳು ಪೂರ್ತಿ ಕೂರುತ್ತದೆ. ನನಗೆ ಇಡೀ ಪ್ರವಾಸದಲ್ಲಿ ಮನಸ್ಸು ತುಂಬಿದ್ದು ಆ ಗೀರು ನೋಡಿದಾಗ.

ಇನ್ನು ಒಳಗೆ ಹೋಗುವ ವಿಚಾರ. ಮುಚ್ಚಿದ ಕಾರ್ಖಾನೆಗೂ ಯಜಮಾನ ಇರುತ್ತಾನೆ, ಎಷ್ಟೋ ಕಡೆ ವ್ಯಾಜ್ಯವೂ ಇರುತ್ತದೆ. ಗೋಡೆ ಹಾರಿ ಹೋಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ ಅಪರಾಧ. ಸಾಮಾಜಿಕ ಜಾಲತಾಣದಲ್ಲಿ ಹಾಗೆ ಹಾರಿ ವಿಡಿಯೋ ಹಾಕುವವರನ್ನು ನೋಡಿ ನೀವೂ ಹೊರಡಬೇಡಿ. ಅವರ ನಂತರ ಬರುವವರಿಗೆ ಗೇಟು ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟೇ ಲಾಭ. ವಾಚ್‌ಮನ್ ಇದ್ದರೆ ನಿಮ್ಮ ಊರು, ಬಂದ ಉದ್ದೇಶ ಹೇಳಿ. ನಾವು ಬರೆದುಕೊಂಡು ಹೋಗಿದ್ದ ಹಂಚಿನ ಹೆಸರುಗಳನ್ನು ಓದಿ ಹೇಳಿದಾಗ ಅಲ್ಲಿನ ವಾಚ್‌ಮನ್, ‘ಇದರಲ್ಲಿ ಎರಡು ಈ ಹೊಳೆಯದ್ದೇ ಮಕ್ಕಳೇ’ ಎಂದು ತಾನೇ ಮಾತಿಗಿಳಿದರು. ಮಾಲೀಕರಿಗೆ ಫೋನ್ ಮಾಡಿ ಕೇಳಿ, ಹಂಚು ಸುಡುವ ಗೂಡಿನವರೆಗೆ ಮಾತ್ರ, ತನ್ನ ಜತೆಯಲ್ಲಿ ಮಾತ್ರ ಎಂದು ಒಳಗೆ ಬಿಟ್ಟರು. ಇನ್ನೊಂದು ಕಡೆ ಬಿಡಲಿಲ್ಲ. ಬಿಡದಿದ್ದರೆ ನಮಸ್ಕಾರ ಹೇಳಿ ಮುಂದೆ ಹೋಗಿ, ನೂರು ರೂಪಾಯಿ ನೋಟು ತೋರಿಸಿ ಅವರ ಕೆಲಸಕ್ಕೆ ಸಂಚಕಾರ ತರಬೇಡಿ.

ಒಳಗೆ ಬಿಟ್ಟರೆ ಮೊದಲು ನೆನಪಿಡಬೇಕಾದ್ದು, ಮಹಡಿ ಹತ್ತಬಾರದು. ಹಂಚಿನ ಕಾರ್ಖಾನೆಯ ಮೇಲಂತಸ್ತು ಹಸಿ ಹಂಚು ಒಣಗಿಸುವ ಜಾಗ. ಕೆಳಗಿನ ಗೂಡಿನ ಬಿಸಿ ಮೇಲೇರಿ ಹಂಚು ಒಣಗಲಿ ಎಂದು ನೆಲವನ್ನೆಲ್ಲ ಸಂದು ಬಿಟ್ಟ ಹಲಗೆಯಿಂದ ಮಾಡಿರುತ್ತಾರೆ. ಮಾಡು ಸೋರಲು ಶುರುವಾದ ಮೇಲೆ ಮೊದಲು ಕುಂಬಾಗುವುದು ಅದೇ. ಕೆಳಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ, ಗೆದ್ದಲು ಒಳಗೆ ತಿಂದಿರುತ್ತದೆ. ಎರಡನೆಯದು, ಮಣ್ಣು ನೆನೆಹಾಕುವ ಗುಂಡಿಗಳು. ಅವು ಈಗ ಹುಲ್ಲು, ಪಾಚಿ ಮುಚ್ಚಿ ನೆಲದ ಹಾಗೆಯೇ ಕಾಣುತ್ತವೆ. ಕೋಲಿನಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬೇಡಿ. ಹಂಚಿನ ರಾಶಿಯ ಸಂದಿನಲ್ಲಿ ಕನ್ನಡಿ ಹಾವು ಇರುವ ಸಾಧ್ಯತೆ ನಮ್ಮ ತೋಟಗಳಲ್ಲಿ ಇರುವಷ್ಟೇ; ದಪ್ಪ ಶೂ, ಉದ್ದ ಪ್ಯಾಂಟ್ ಸಾಕು, ಆದರೆ ರಾಶಿಗೆ ಕೈ ಹಾಕಬೇಡಿ. ಮುರಿದ ಆಸ್ಬೆಸ್ಟಾಸ್ ಶೀಟ್ ಬಿದ್ದಿರುವ ಕಡೆ ಮಾಸ್ಕ್ ಹಾಕಿಕೊಳ್ಳಿ, ಧೂಳು ಎಬ್ಬಿಸಬೇಡಿ. ಒಬ್ಬರೇ ಹೋಗುವ ಜಾಗ ಇದಲ್ಲ.

ಗೂಡಿನ ಎದುರು ಸ್ವಲ್ಪ ಹೊತ್ತು ನಿಲ್ಲಿ. ನಾವು ನೋಡಿದ್ದು ಸಾಲಾಗಿ ಕೋಣೆಗಳಿರುವ ಗೂಡು. ಒಂದು ಕೋಣೆಯಲ್ಲಿ ಬೆಂಕಿ ಉರಿಯುವಾಗ ಅದರ ಬಿಸಿ ಮುಂದಿನ ಕೋಣೆಯ ಹಂಚನ್ನು ಕಾಯಿಸುತ್ತದೆ, ಹಿಂದಿನದು ಆರುತ್ತಿರುತ್ತದೆ. ಹೀಗೆ ಬೆಂಕಿ ಆರದೆ ಸುತ್ತು ಬರುತ್ತದೆ, ಸೌದೆಯೂ ಉಳಿಯುತ್ತದೆ. ಬಾಗಿಲಿನ ಕಮಾನಿನ ಒಳಗೆ ಟಾರ್ಚ್ ಬಿಟ್ಟೆವು. ಇಟ್ಟಿಗೆಯ ಮೈ ಹಸಿರು ಮಿಶ್ರಿತ ಕಂದು ಬಣ್ಣದ ಗಾಜಿನ ಹಾಗೆ ಹೊಳೆಯಿತು. ವರ್ಷಾನುಗಟ್ಟಲೆ ಸೌದೆಯ ಬೂದಿ ಹಾರಿ ಬಿಸಿ ಇಟ್ಟಿಗೆಗೆ ಹಿಡಿದು, ಕರಗಿ, ಮತ್ತೆ ಹಿಡಿದು ಆದ ಹೊಳಪು ಅದು. ಕೆಲವು ಕಡೆ ಹನಿಯಾಗಿ ಇಳಿದು ಅಲ್ಲೇ ಗಟ್ಟಿಯಾಗಿದೆ. ತಲೆ ಒಳಗೆ ಹಾಕಬೇಡಿ, ಹಳೆಯ ಕಮಾನನ್ನು ನಂಬುವ ಹಾಗಿಲ್ಲ. ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ಯಾಕೆ ಮುಚ್ಚಿದವು ಎಂದು ಅಲ್ಲಿನ ಚಹಾದಂಗಡಿಯಲ್ಲಿ ಕೇಳಿ. ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ, ಎಲ್ಲದರಲ್ಲೂ ಸತ್ಯ ಇದೆ. ಕಾಂಕ್ರೀಟ್ ತಾರಸಿ ಬಂತು. ಸೌದೆ ದುಬಾರಿಯಾಯಿತು. ಗದ್ದೆಯ ಮಣ್ಣು ತೆಗೆಯುವುದಕ್ಕೆ ತಡೆ ಬಂತು. 2008ರಲ್ಲಿ ಕೇರಳದಲ್ಲಿ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯಿದೆಯೇ ಆಯಿತು. ಗದ್ದೆ ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ದುಡಿದವರ ಕತೆಯನ್ನು ಯಾರಾದರೂ ಕೇಳಿ ಇಡಬೇಕಿತ್ತು. ಹಸಿ ಹಂಚು ತಲೆಯ ಮೇಲೆ ಹೊತ್ತು ಮೇಲಂತಸ್ತಿಗೆ ಏರಿಸಿದವರಲ್ಲಿ ಹೆಂಗಸರೇ ಬಹಳ. ಅಂಗಡಿಯ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಮ್ಮ ಹಸಿ ಹಂಚು ಇಟ್ಟ ಹಲಗೆ ಹಿಡಿಯುವ ರೀತಿ ತೋರಿಸಿದರು. ಎರಡೂ ಅಂಗೈ ಮೇಲಕ್ಕೆ, ಮೊಣಕೈ ಪಕ್ಕೆಗೆ ಒತ್ತಿ, ಕುತ್ತಿಗೆ ನೆಟ್ಟಗೆ. ‘ಹಸಿ ಹಂಚಿಗೆ ಉಗುರು ತಾಗಿದರೂ ಹೋಯಿತು’ ಎಂದರು. ಅಂಥವರು ಸಿಕ್ಕಿದರೆ ಅನುಮತಿ ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ. ಕಟ್ಟಡದ ನೂರು ಫೋಟೋಗಿಂತ ಅದು ಮೇಲು.

ಮಧ್ಯಾಹ್ನದ ಒಳಗೆ ಚಾಲಿಯಾರ್ ಅಳಿವೆಯ ಬಂದರು ಬೇಪೂರಿಗೆ ಹೋಗಿ. ಉರು ಎಂಬ ಮರದ ಹಡಗು ಕಟ್ಟುವ ಜಾಗ ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಬಂದರಿನ ಆವರಣದಲ್ಲಿ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಇರಲಿ. ಅಲ್ಲಿಂದ ಜಂಕಾರ್ (ವಾಹನ ದಾಟಿಸುವ ದೋಣಿ) ಸಿಕ್ಕಿದರೆ ಆಚೆ ದಡದ ಚಾಲಿಯಂಗೆ ದಾಟಿ. ಮಲಬಾರಿನ ಮೊದಲ ರೈಲು 1861ರಲ್ಲಿ ತಿರೂರಿನಿಂದ ಬಂದು ನಿಂತದ್ದು ಆ ದಡದಲ್ಲಿ. 1888ರಲ್ಲಿ ಹಳಿ ಕಲ್ಲಿಕೋಟೆ ಮುಟ್ಟಿದ ಮೇಲೆ ಚಾಲಿಯಂನ ಕೊನೆಯ ಸ್ಟೇಷನ್ನಿಗೆ ಕೆಲಸ ಇಲ್ಲದಾಯಿತು. ಇವತ್ತು ಅಲ್ಲಿ ನೋಡಲು ಹೆಚ್ಚೇನೂ ಉಳಿದಿಲ್ಲ. ಸಮಯ ಕಮ್ಮಿ ಇದ್ದರೆ ಇದನ್ನು ಬಿಡಬಹುದು.

ಕಲ್ಲಾಯಿಯನ್ನು ಬಿಡಬೇಡಿ. ನಿಲಂಬೂರಿನ ತೇಗವನ್ನು ಚಾಲಿಯಾರ್‌ನಲ್ಲಿ ತೇಲಿಬಿಟ್ಟು ಇಲ್ಲಿಗೆ ತರುತ್ತಿದ್ದರು. 1848ರಲ್ಲಿ ಕಲೆಕ್ಟರ್ ಕನೋಲಿ ತೋಡಿಸಿದ ಕಾಲುವೆ ಕಲ್ಲಾಯಿ ಹೊಳೆಯನ್ನು ಉತ್ತರದ ಕೋರಪ್ಪುಝದ ಜತೆ ಸೇರಿಸಿತು. ಹೊಳೆಯ ಎರಡೂ ಬದಿ ಮರದ ಡಿಪೋ, ಮರದ ಮಿಲ್ಲು. ಈಗ ಕೆಲವದರಲ್ಲಿ ಮಾತ್ರ ಗರಗಸದ ಸದ್ದು. ನಡೆಯುತ್ತಿರುವ ಮಿಲ್ಲಿನಲ್ಲಿ ಕೇಳಿಕೊಂಡು ನಿಂತರೆ ಯಾರೂ ಬೇಡ ಎನ್ನುವುದಿಲ್ಲ, ಅದರ ಪಕ್ಕದಲ್ಲೇ ಮುಚ್ಚಿದ ಶೆಡ್ಡುಗಳೂ ಇವೆ. ಹೊಳೆಯ ನೀರಿನ ವಾಸನೆ ಮಾತ್ರ ಸಹಿಸಬೇಕು.

ಸಂಜೆ ಕಲ್ಲಿಕೋಟೆಯ ಕಡಲತೀರ. ಮುರಿದ ಹಳೆಯ ಕಬ್ಬಿಣದ ಕಡಲಪಾಲಗಳ (ಕಡಲಿಗೆ ಚಾಚಿದ ದಕ್ಕೆಸೇತುವೆಗಳ) ಕಂಬಗಳನ್ನು ಮರಳಿನ ಮೇಲಿಂದಲೇ ನೋಡಿ, ತುಕ್ಕು ತಿಂದ ಕಬ್ಬಿಣಕ್ಕೆ ಯಾರ ಭಾರವನ್ನೂ ಹೊರುವ ಶಕ್ತಿ ಉಳಿದಿಲ್ಲ. ಎದುರಿನ ಹಳೆಯ ಗೋದಾಮುಗಳಲ್ಲಿ ಕೆಲವು ಹೋಟೆಲುಗಳಾಗಿವೆ, ಅಲ್ಲಿ ಊಟಕ್ಕೆ ಕೂತರೆ ಮಾಡಿನ ಮರದ ಕೆಲಸ ಒಳಗಿನಿಂದ ಕಾಣುತ್ತದೆ. ಹೊತ್ತು ಉಳಿದರೆ ಮಾನಾಂಚಿರ ಕೆರೆಯ ಬಳಿ ಕಾಮ್‌ಟ್ರಸ್ಟ್ (ಅದೇ ಕಾಮನ್‌ವೆಲ್ತ್ ಟ್ರಸ್ಟ್) ನೇಯ್ಗೆ ಕಾರ್ಖಾನೆಯ ಹೊರಗೋಡೆ ನೋಡಿ ಬನ್ನಿ. 1844ರಲ್ಲಿ ಬಾಸೆಲ್ ಮಿಶನ್ ಶುರು ಮಾಡಿದ್ದು, 2009ರಲ್ಲಿ ನಿಂತಿತು. ಸರಕಾರವೇ ವಹಿಸಿಕೊಳ್ಳುವ ಮಸೂದೆ 2012ರಲ್ಲಿ ವಿಧಾನಸಭೆಯಲ್ಲಿ ಪಾಸಾಗಿ, 2018ರಲ್ಲಿ ರಾಷ್ಟ್ರಪತಿಯ ಅಂಕಿತವೂ ಬಿತ್ತು.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಮಳೆ ಕುಡಿದ ಮುರಕಲ್ಲಿನ ಗೋಡೆ ಯಾವಾಗ ಕುಸಿಯುತ್ತದೆ ಹೇಳಲಾಗದು, ಹೊಳೆಯೂ ತುಂಬಿರುತ್ತದೆ. ನೀರು, ಟಾರ್ಚ್, ಕೋಲು, ಹಂಚಿನ ಹೆಸರಿನ ಪಟ್ಟಿ, ಇಷ್ಟು ಚೀಲದಲ್ಲಿರಲಿ. ದಡದ ಚೂರನ್ನು ಫೋಟೋ ತೆಗೆದು ಅಲ್ಲೇ ಬಿಡಿ. ವಾಪಸಿಗೆ ರಾತ್ರಿಯ ರೈಲಿನ ಟಿಕೆಟನ್ನು ಮೊದಲೇ ಮಾಡಿಸಿ. ವಾರಾಂತ್ಯದಲ್ಲಿ ಮಂಗಳೂರು ಕಡೆಯ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.