ಬದನೆಕಾಯಿ ಉದಾಹರಣೆ ಕೊಟ್ಟು ನಾನು ಪೇಚಿಗೆ ಸಿಕ್ಕಿದ್ದು

ನಾನು ಚರ್ಮದ ಕ್ಲಿನಿಕ್ಕಿನಲ್ಲಿ ನರ್ಸ್. ಪ್ರೊಸೀಜರ್ ರೂಮು ನೋಡಿಕೊಳ್ಳುವುದು ನನ್ನ ಕೆಲಸ. ಕತ್ತಿನ ನರಹುಲಿ (ಡಾಕ್ಟರು 'ಸ್ಕಿನ್ ಟ್ಯಾಗ್' ಅನ್ನುವ, ಚರ್ಮದಿಂದ ಜೋತಾಡುವ ಮೆತ್ತನೆಯ ಗಂಟು) ಸುಡಿಸಿಕೊಳ್ಳಲು ವಾರಕ್ಕೆ ಹತ್ತು ಹನ್ನೆರಡು ಜನ ಬರುತ್ತಾರೆ. ಮರಗಟ್ಟುವ ಕ್ರೀಮ್ ದಪ್ಪಗೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಮುಕ್ಕಾಲು ಗಂಟೆ ಕೂರಿಸುತ್ತೇನೆ. ಡಾಕ್ಟರ ಹತ್ತಿರ ಕೇಳಲು ಸಂಕೋಚಪಟ್ಟ ಪ್ರಶ್ನೆಗಳೆಲ್ಲ ಆ ಹೊತ್ತಿನಲ್ಲಿ ನನ್ನ ಮುಂದೆ ಬಂದು ಬೀಳುತ್ತವೆ.

ಎಲ್ಲರೂ ಕೇಳುವುದು ಒಂದೇ. "ಇದು ಯಾಕೆ ಬರುತ್ತೆ ಸಿಸ್ಟರ್?"

"ವಯಸ್ಸು, ಮೈತೂಕ, ಸರ ಉಜ್ಜೋದು" ಅಂತ ಹೇಳಿ ಮುಗಿಸುತ್ತಿದ್ದೆ. ಒಮ್ಮೆ ನಮ್ಮ ಡಾಕ್ಟರ್ ಮೇಡಂ ಜೊತೆ ಒಂದು ಸಭೆಗೆ ಹೋದಾಗ 'ಆಕ್ಸಿಡೇಟಿವ್ ಸ್ಟ್ರೆಸ್' ಅನ್ನುವ ಮಾತು ಕಿವಿಗೆ ಬಿತ್ತು. ಹೊಸ ಮಾತು ಕಲಿತ ಮೇಲೆ ಅದನ್ನು ಯಾರ ಮುಂದಾದರೂ ಆಡಬೇಕು ಅನ್ನಿಸುತ್ತೆ, ಅಲ್ವಾ? ನಾನೂ ಶುರು ಮಾಡಿದೆ.

ಕಿರಾಣಿ ಅಂಗಡಿ ನಡೆಸುವ ಒಬ್ಬರು ಅಮ್ಮ ಬಂದರು. ಐವತ್ತರ ಆಸುಪಾಸು. ಕತ್ತಿನ ಸುತ್ತ ಸಾಸಿವೆಯಿಂದ ಹೆಸರುಕಾಳಿನ ಗಾತ್ರದವರೆಗೆ ಮೂವತ್ತಕ್ಕೂ ಜಾಸ್ತಿ ನರಹುಲಿ. ಎರಡಕ್ಕೆ ಕುದುರೆ ಕೂದಲು ಕಟ್ಟಿದ್ದರು. ಒಂದು ಕಡೆ ಸುಣ್ಣ, ಸೋಡಾ ಕಲಸಿ ಹಚ್ಚಿ ಸುಟ್ಟುಕೊಂಡ ಹಳೇ ಕಲೆ. (ಸುಣ್ಣಕ್ಕೆ ಬಟ್ಟೆ ಸೋಡಾ ಸೇರಿದರೆ ಆಗುವುದು ಕಾಸ್ಟಿಕ್ ಸೋಡಾ. ದಯವಿಟ್ಟು ಮಾಡಬೇಡಿ.) ಕತ್ತಿನ ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ನನ್ನ ಕಣ್ಣು ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

"ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಕಾರಣ ಅಮ್ಮಾ" ಅಂದೆ.

"ಸ್ಟ್ರೆಸ್ಸಾ? ನನಗೇನೂ ಟೆನ್ಶನ್ ಇಲ್ಲಮ್ಮ. ಮಗಳ ಮದುವೆ ಆಯ್ತು, ಮನೆ ಸಾಲನೂ ತೀರ್ತು."

ಆ ಸ್ಟ್ರೆಸ್ ಅಲ್ಲ ಅಂತ ತಿಳಿಸಲು ಅಡುಗೆಮನೆಗೆ ಇಳಿದೆ. ಬದನೆಕಾಯಿ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತಲ್ಲ, ಮೈಯೊಳಗೂ ಹಾಗೇ ಆಗುತ್ತೆ, ಹುಳಿ ಬೆರೆಸಿದ ನೀರಿಗೆ ಹಾಕಿದರೆ ಕಪ್ಪಾಗಲ್ಲ ನೋಡಿ, ಆಂಟಿಆಕ್ಸಿಡೆಂಟ್ ಅಂದ್ರೆ ಅದೇ. ಅವರು ತಲೆಯಾಡಿಸಿದರು. ಎಷ್ಟು ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿ. ಆ ದಿನ ಬಲಗಡೆಯ ನರಹುಲಿ ಮಾತ್ರ ತೆಗೆದರು. ಎಡಗಡೆಗೆ ಮೂರು ವಾರ ಬಿಟ್ಟು ಬನ್ನಿ ಅಂದೆವು.

ಮೂರು ವಾರಕ್ಕೆ ಬಂದರು. ಸೆರಗು ಸರಿಸಿದರೆ ಕತ್ತು ಕೆಂಪಗೆ, ಅಲ್ಲಲ್ಲಿ ಸಿಪ್ಪೆ ಎದ್ದಿದೆ. ದಿನಾ ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಲ್ಲಿ ಅಂಗಡಿಗೆ ಹೋಗಿದ್ದಾರೆ.

"ನೀವೇ ಹೇಳಿದ್ರಲ್ಲ ಸಿಸ್ಟರ್, ಹುಳಿ ಹಾಕಿದ್ರೆ ಕಪ್ಪಾಗಲ್ಲ ಅಂತ."

ಮೆಡಿಕಲ್ ಶಾಪಿನಿಂದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಬೇರೆ ತಂದು ನುಂಗುತ್ತಿದ್ದರು. ಡಾಕ್ಟರ್ ಬರೆದುಕೊಟ್ಟ ಸಕ್ಕರೆ ಪರೀಕ್ಷೆಯ ಚೀಟಿ ಪರ್ಸಿನಲ್ಲಿ ಮಡಚಿದ ಹಾಗೇ ಇತ್ತು. ಕಾರಣ ಗೊತ್ತಾಯ್ತು, ಮಾತ್ರೆನೂ ಸಿಕ್ತು, ಇನ್ನು ರಕ್ತ ಕೊಡುವುದು ಯಾಕೆ ಅಂತ ಬಿಟ್ಟಿದ್ದರು. ಆ ಕಾರಣ ಕೊಟ್ಟವಳು ನಾನು.

ಮೇಡಂ ಬೈಯಲಿಲ್ಲ. ಸಂಜೆ ಕೂರಿಸಿಕೊಂಡು ಹೇಳಿದರು. ಜೀವಕೋಶ ಸಕ್ಕರೆ, ಕೊಬ್ಬು ಉರಿಸಿ ಶಕ್ತಿ ಮಾಡಿಕೊಳ್ಳುವಾಗ ಆಮ್ಲಜನಕದ ಚುರುಕು ಕಣಗಳು ಹುಟ್ಟುತ್ತವೆ, ಒಲೆಯಿಂದ ಕಿಡಿ ಹಾರಿದ ಹಾಗೆ. ಅವನ್ನು ಆರಿಸಲು ಕ್ಯಾಟಲೇಸ್, ಗ್ಲುಟಾಥಯೋನ್ ಅಂತ ಮೈಯಲ್ಲೇ ಏರ್ಪಾಡಿದೆ. ಕಿಡಿ ಜಾಸ್ತಿಯಾಗಿ ಆರಿಸುವುದು ಸಾಲದೆ ಹೋದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಆದರೆ ಕಿಡಿ ಪೂರ್ತಿ ಕೆಟ್ಟದ್ದೂ ಅಲ್ಲ. ಬಿಳಿ ರಕ್ತಕಣ ರೋಗಾಣು ಕೊಲ್ಲಲು ಅದನ್ನೂ ಬಳಸುತ್ತೆ.

ಈಗ ಆ ಅಮ್ಮನ ಕತ್ತಿಗೆ ಬನ್ನಿ. ಇನ್ಸುಲಿನ್ ಮಾತು ಮೈ ಕೇಳದೆ ಹೋದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಆ ಹೆಚ್ಚಿನ ಇನ್ಸುಲಿನ್ ಚರ್ಮದ ಕೋಶಗಳಿಗೆ 'ಬೆಳೀರಿ' ಅನ್ನುತ್ತೆ. ಮಡಿಕೆ ಕಪ್ಪಾಗುವುದು, ನರಹುಲಿ ಏಳುವುದು ಎರಡಕ್ಕೂ ಇದು ದೊಡ್ಡ ಕಾರಣ. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರ ರಕ್ತದಲ್ಲಿ ಕಿಡಿಯ ಗುರುತುಗಳೂ ಜಾಸ್ತಿ. ಹಾಗಂತ ಕಿಡಿಯೇ ನರಹುಲಿ ಹುಟ್ಟಿಸಿತು ಅನ್ನಬಹುದಾ? ಎರಡೂ ಒಂದೇ ಒಲೆಯಿಂದ ಬಂದಿರಬಹುದು. ನಾನು ಹೊಗೆ ತೋರಿಸಿ ಒಲೆ ಮರೆಸಿದ್ದೆ.

ಮಾತ್ರೆ ನುಂಗಿದರೆ ಕಿಡಿ ಆರುತ್ತಲ್ಲ ಅಂದೆ. ಮೇಡಂ ಫಿನ್‌ಲೆಂಡಿನ ಕಥೆ ಹೇಳಿದರು. 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಕೆಲವರಿಗೆ ದಿನಾ ಬೀಟಾ ಕೆರೋಟಿನ್ ಅನ್ನುವ ಆಂಟಿಆಕ್ಸಿಡೆಂಟ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಸುಮ್ನೆ ಹುಸಿ ಮಾತ್ರೆ. 5ರಿಂದ 8 ವರ್ಷ ನಡೆಯಿತು. 1994ರಲ್ಲಿ ಲೆಕ್ಕ ಬಂದಾಗ ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, 18% ಜಾಸ್ತಿ ಇತ್ತು. ಅದು ನರಹುಲಿಯ ಕಥೆ ಅಲ್ಲ, ನಿಜ. ಆದರೂ ಆಂಟಿಆಕ್ಸಿಡೆಂಟ್ ಅಂದಕೂಡಲೇ ಒಳ್ಳೇದೇ ಅಂತ ಹೇಳುವ ನನ್ನ ಚಾಳಿ ಅಲ್ಲಿಗೆ ನಿಂತಿತು.

ಇನ್ನೊಂದು ತಮಾಷೆ ಕೇಳಿ. ವಯಸ್ಸಾದವರ ಮುಖ, ಬೆನ್ನ ಮೇಲೆ ಕಂದು ಮೇಣ ಅಂಟಿಸಿದ ಹಾಗೆ ಏಳುತ್ತಲ್ಲ, ಸೆಬೊರಿಕ್ ಕೆರಟೋಸಿಸ್, ಅದೂ ಕ್ಯಾನ್ಸರ್ ಅಲ್ಲ. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಅದಕ್ಕೆ ಒಂದು ಹಚ್ಚುವ ಔಷಧಿ ಒಪ್ಪಿತು. ಅದೇನು ಗೊತ್ತಾ? 40% ಹೈಡ್ರೋಜನ್ ಪೆರಾಕ್ಸೈಡ್. ಅಂದರೆ ಆಂಟಿಆಕ್ಸಿಡೆಂಟ್‌ಗೆ ತದ್ವಿರುದ್ಧವಾದ ಆಕ್ಸಿಡೆಂಟೇ! ಕಿಡಿ ಆರಿಸಲಿಲ್ಲ, ಕಿಡಿ ಸುರಿದು ಗಡ್ಡೆಯನ್ನೇ ಸುಟ್ಟರು. ಎರಡು ವರ್ಷದೊಳಗೆ ಕಂಪನಿಯೇ ಮಾರಾಟ ನಿಲ್ಲಿಸಿತು, ಅದು ಬೇರೆ ಮಾತು. (ನಿಮ್ಮ ಮನೆಯ ಗಾಯ ತೊಳೆಯುವ ಬಾಟಲಿ ಸಾಮಾನ್ಯವಾಗಿ 3%ನದು. ಅದನ್ನು ತಂದು ಪ್ರಯೋಗ ಮಾಡಬೇಡಿ.)

ಅಮ್ಮನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.1% ಬಂತು. 6.5 ಮುಟ್ಟಿದರೇ ಸಕ್ಕರೆ ಕಾಯಿಲೆ. ಚರ್ಮ ಮಾಗಲು ಎರಡು ತಿಂಗಳು ಬೇಕಾಯಿತು, ಎಡಗಡೆಯ ನರಹುಲಿ ಅಲ್ಲಿಯವರೆಗೆ ಕಾಯಬೇಕಾಯಿತು. ನಿಂಬೆ ತಾಗಿದ ಕಲೆ ಇನ್ನೂ ಸ್ವಲ್ಪ ಇದೆ.

ಈಗ "ಯಾಕೆ ಬರುತ್ತೆ" ಅಂದರೆ ಮೊದಲು ಕತ್ತಿನ ಮಡಿಕೆ ನೋಡುತ್ತೇನೆ. ಸಕ್ಕರೆ ಪರೀಕ್ಷೆ ಯಾವಾಗ ಆಯ್ತು ಅಂತ ಕೇಳುತ್ತೇನೆ. ಆಮೇಲೆ ಬೇಕಿದ್ದರೆ ಕಿಡಿಯ ಮಾತು. ಹೇಳಿದ ಮೇಲೆ "ಮನೆಗೆ ಹೋಗಿ ಏನು ಮಾಡ್ತೀರಾ?" ಅಂತ ಅವರ ಬಾಯಲ್ಲೇ ಹೇಳಿಸುತ್ತೇನೆ. ಅಲ್ಲಿ ಏನೇನು ಹೊರಬರುತ್ತೆ ಅಂತ ನೀವು ಕೇಳಬೇಕು!

ಹೋದ ತಿಂಗಳು ಆ ಅಮ್ಮನ ತಂಗಿ ಬಂದಿದ್ದರು. ಅವರಿಗೂ ಕತ್ತಿನಲ್ಲಿ ಏಳೆಂಟು. ನಾನು ಕೇಳುವ ಮೊದಲೇ ಲ್ಯಾಬ್ ರಿಪೋರ್ಟ್ ಟೇಬಲ್ ಮೇಲಿಟ್ಟರು.

"ಅಕ್ಕ ಹೇಳಿದ್ಲು, ಸಕ್ಕರೆ ನೋಡಿಸ್ಕೊಂಡೇ ಹೋಗು ಅಂತ. ಆಮೇಲೆ ಆ ಸಿಸ್ಟರ್ ಬದನೆಕಾಯಿ ಕಥೆ ಶುರು ಮಾಡಿದ್ರೆ ಕೇಳ್ಬೇಡ ಅಂದ್ಲು."