"ಅಣ್ಣ, ನನ್ನ ಏಜ್‌ಗೆ ಇದು ಸೂಟ್ ಆಗುತ್ತಾ?"

ಮೈಸೂರಿನಲ್ಲಿ ನನ್ನದೊಂದು ಜೆಂಟ್ಸ್ ಟೈಲರ್ ಅಂಗಡಿ ಇದೆ. ಹೆಸರಿಗೆ ಟೈಲರ್, ಈಗ ಮುಕ್ಕಾಲು ಪಾಲು ಆಲ್ಟರೇಶನ್ನೇ. ಆನ್‌ಲೈನಿನಲ್ಲಿ ತರಿಸಿದ ಪ್ಯಾಂಟು ಉದ್ದ ಆಯ್ತು, ಕತ್ತರಿಸಿ ಕೊಡಿ. ಶರ್ಟು ಲೂಸ್ ಆಯ್ತು, ಸೈಡ್ ಹಿಡಿದು ಕೊಡಿ. ಅದರ ಜೊತೆಗೆ ಬಿಟ್ಟಿಯಾಗಿ ಒಂದು ಪ್ರಶ್ನೆ: "ಅಣ್ಣ, ನನ್ನ ಏಜ್‌ಗೆ ಇದು ಸೂಟ್ ಆಗುತ್ತಾ?"

ದಿನಕ್ಕೆ ಎರಡು ಸಲವಾದರೂ ಕೇಳುತ್ತಾರೆ. ಮದುವೆ ಗೊತ್ತಾದ ಇಪ್ಪತ್ತೆಂಟರ ಹುಡುಗ ಟೀ ಶರ್ಟ್ ಹಿಡಿದು ಕೇಳುತ್ತಾನೆ. ನಲವತ್ತೈದರ ಮೇಷ್ಟ್ರು ಜೀನ್ಸ್ ಹಿಡಿದು ಕೇಳುತ್ತಾರೆ, ಅದೂ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ, ಮೆಲ್ಲಗೆ. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಕಾಲ ಬುಡದಲ್ಲಿ ಕೂತಿರುತ್ತೇನೆ. ಹೂಂ ಅಂದರೆ ನಂಬುವುದಿಲ್ಲ, ಊಹೂಂ ಅಂದರೆ ಮುಖ ಸಪ್ಪೆ. ಸಾಕಾಗಿದೆ. ಇಲ್ಲಿ ಬರೆದು ಹಾಕುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಆಗುತ್ತೆ. ಹಾಕ್ಕೊಳ್ಳಿ. ನನ್ನ ಅಳತೆ ಪುಸ್ತಕದಲ್ಲಿ ಉದ್ದ, ಸೊಂಟ, ಸೀಟು, ತೊಡೆ, ಮೊಣಕಾಲು, ಬಾಟಮ್ ಅಂತ ಬರೆಯುತ್ತೇನೆ. ವಯಸ್ಸು ಅಂತ ಇದುವರೆಗೆ ಒಂದು ಸಲವೂ ಬರೆದಿಲ್ಲ.

ಜೀನ್ಸ್ ಹುಡುಗರ ಬಟ್ಟೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ಅದು ಹುಟ್ಟಿದ್ದು ದುಡಿಯುವವರ ಪ್ಯಾಂಟಾಗಿ. ಕೂಲಿ ಮಾಡುವವರ ಜೇಬು ಪದೇ ಪದೇ ಹರಿಯುತ್ತಿತ್ತು. ಅಮೆರಿಕದ ರೀನೋ ಊರಿನ ಜೇಕಬ್ ಡೇವಿಸ್ ಎಂಬಾತ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆದ. ಬಟ್ಟೆ ಒದಗಿಸುತ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಡೇವಿಸ್ ಕಸುಬಿನಲ್ಲಿ ಟೈಲರ್. ಹೆಸರು ಮಾತ್ರ ಬಟ್ಟೆ ಅಂಗಡಿಯವನದ್ದು ಉಳಿಯಿತು. ಈ ವಿಷಯ ನೆನಪಾದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಅದು ಬೇರೆ ಮಾತು. ನಮ್ಮ ಬಳ್ಳಾರಿಯಲ್ಲಿ ಮನೆ ಮನೆಗಳಲ್ಲಿ ಜೀನ್ಸ್ ಹೊಲಿಯುತ್ತಾರೆ. ಅಲ್ಲಿ ಹೋಗಿ ಅರವತ್ತರ ಯಜಮಾನರ ಹತ್ತಿರ "ಇದು ಹುಡುಗರ ಬಟ್ಟೆ ಅಲ್ವಾ" ಅಂತ ಕೇಳಿ ನೋಡಿ.

ಹಾಗಂತ ವಯಸ್ಸಿಗೂ ಬಟ್ಟೆಗೂ ಸಂಬಂಧವೇ ಇಲ್ಲ ಅನ್ನುತ್ತಿಲ್ಲ. ಮೈ ಬದಲಾಗುತ್ತೆ, ಅದನ್ನು ಕೇಳಿ, ಹೇಳುತ್ತೇನೆ. ಮೂವತ್ತೈದು ದಾಟಿದ ಮೇಲೆ ಬಹಳ ಜನರಿಗೆ ಹೊಟ್ಟೆ ಮುಂದೆ ಬರುತ್ತೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವುದು. "ನನ್ನದು ಈಗಲೂ 34 ಸೈಜೇ" ಅಂತ ಹೆಮ್ಮೆ ಬೇರೆ. ಸ್ವಾಮಿ, ಸೊಂಟ 34 ಅಲ್ಲ, ಸೊಂಟ ಬಿಟ್ಟು ನಾಲ್ಕು ಇಂಚು ಕೆಳಗೆ ಅಳೆದರೆ 34. ಒಂದು ಸೈಜ್ ಜಾಸ್ತಿ ತಗೊಂಡು ಸೊಂಟಕ್ಕೆ ಕಟ್ಟಿ. ಹೊಟ್ಟೆ ಕಮ್ಮಿ ಕಾಣುತ್ತೆ, ಗಂಟೆಗೊಮ್ಮೆ ಪ್ಯಾಂಟು ಎಳೆದುಕೊಳ್ಳುವುದೂ ತಪ್ಪುತ್ತೆ.

ಅರವತ್ತು ದಾಟಿದ ಬಹಳ ಜನರಿಗೆ ಬೆನ್ನು ಸ್ವಲ್ಪ ಬಾಗುತ್ತೆ. ರೆಡಿಮೇಡ್ ಶರ್ಟು ಹಾಕಿದರೆ ಹಿಂದೆ ಮೇಲಕ್ಕೇರಿ ಮುಂದೆ ಜೋತು ಬೀಳುತ್ತೆ. ಕನ್ನಡಿಯಲ್ಲಿ ಮುಂಭಾಗ ಮಾತ್ರ ಕಾಣುವುದರಿಂದ ಅವರಿಗೆ ಗೊತ್ತಾಗಲ್ಲ. ಹೊಲಿಸಿದರೆ ಬೆನ್ನಿನ ಭಾಗಕ್ಕೆ ಮುಕ್ಕಾಲು ಇಂಚೋ ಒಂದಿಂಚೋ ಜಾಸ್ತಿ ಕೊಡುತ್ತೇನೆ. ಬೆರಳು ನೋಯುವವರಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಒಂದು ನೂಲಿನಷ್ಟು ದೊಡ್ಡದು ಮಾಡಿ ದಪ್ಪ ಗುಂಡಿ ಹಾಕುತ್ತೇನೆ. ಇದನ್ನು ಒಬ್ಬರೂ ಬಾಯಿಬಿಟ್ಟು ಕೇಳಿಲ್ಲ. ಗುಂಡಿ ಹಾಕಿಕೊಳ್ಳುವಾಗ ಬೆರಳು ತಡವರಿಸುವುದು ನೋಡಿ ನಾನೇ ಮಾಡುವುದು.

ಇನ್ನು ಭುಜ. ಎಲ್ಲ ವಯಸ್ಸಿನವರೂ ಇದೊಂದು ನೋಡಿಕೊಂಡರೆ ಸಾಕು. ತೋಳು ಸೇರುವ ಹೊಲಿಗೆ ಭುಜದ ಮೂಳೆಯ ತುದಿಗೆ ಬರಬೇಕು. ಉದ್ದ, ಸೈಡು, ತೋಳು ಏನು ಬೇಕಾದರೂ ಸರಿ ಮಾಡುತ್ತೇನೆ. ಭುಜ ಇಳಿಬಿದ್ದ ಶರ್ಟು ಮಾತ್ರ ತರಬೇಡಿ. ಎರಡೂ ತೋಳು ಬಿಚ್ಚಿ ಮತ್ತೆ ಕೂರಿಸಬೇಕು. ಅದಕ್ಕೆ ನಾನು ಕೇಳುವ ಕೂಲಿ ಕೇಳಿ ನೀವು ಹೊಸ ಶರ್ಟೇ ತಗೋತೀರಿ. ಅಂದಹಾಗೆ, ಫಾರ್ಮಲ್ ಶರ್ಟಿನ ಮೇಲೆ 40, 42 ಅಂತ ಇರುತ್ತಲ್ಲ, ಅದು ಸಾಮಾನ್ಯವಾಗಿ ಕುತ್ತಿಗೆಯ ಸುತ್ತಳತೆ, ಸೆಂಟಿಮೀಟರಿನಲ್ಲಿ. ಎದೆಯ ಇಂಚು ಅಂದುಕೊಂಡು ತಗೊಂಡು ಬಂದವರ ಶರ್ಟುಗಳಿಂದಲೇ ನನ್ನ ಅಂಗಡಿ ಬಾಡಿಗೆ ಹುಟ್ಟುತ್ತಿದೆ.

ನಿಜವಾಗಿ ನೀವು ಕೇಳಬೇಕಾಗಿದ್ದ ಪ್ರಶ್ನೆ ಇದು: "ಅಣ್ಣ, ಇದನ್ನು ಹಾಕ್ಕೊಂಡು ನೆಲದ ಮೇಲೆ ಕೂರೋಕಾಗುತ್ತಾ?"

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಎಲ್ಲರೂ ಕನ್ನಡಿ ಮುಂದೆ ನಿಂತೇ ಬಟ್ಟೆ ನೋಡುತ್ತಾರೆ. ನಿಂತೇ ಇರುವುದಾದರೆ ಅಂಗಡಿಯ ಗೊಂಬೆಗೂ ಎಲ್ಲ ಚೆನ್ನಾಗಿ ಕಾಣುತ್ತೆ. ನಮ್ಮ ಗಂಡಸರು ಗೃಹಪ್ರವೇಶದಲ್ಲಿ ಮಣೆ ಮೇಲೆ ಕೂರಬೇಕು, ಊರ ಹಬ್ಬದಲ್ಲಿ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಬೇಕು, ಮಾವನ ಮನೆಯಲ್ಲಿ ಚಾಪೆ ಮೇಲೆ ಕೂರಬೇಕು, ಮಗುವನ್ನು ಎತ್ತಲು ಕುಕ್ಕರಗಾಲಲ್ಲಿ ಕೂರಬೇಕು. ನಾನೇ ಒಂದು ಸಲ ಬೀಗರ ಊಟಕ್ಕೆ ಬಾಟಮ್ 13 ಇಂಚು ಇಟ್ಟ ಬಿಗಿ ಚಿನೋಸ್ ಪ್ಯಾಂಟು ಹಾಕಿಕೊಂಡು ಹೋಗಿದ್ದೆ. ನನ್ನ ಕೈಯಾರೆ ಹೊಲಿದಿದ್ದು. ಎಲೆ ಮುಂದೆ ಕೂರುವಾಗ ಸೀಟಿನ ಹೊಲಿಗೆ ಚರ್ರನೆ ಬಿಟ್ಟುಕೊಂಡಿತು. ಪಾಯಸ ಬಂತು, ಮೊಸರನ್ನ ಬಂತು, ಪಕ್ಕದವರು ಕೈ ತೊಳೆಯಲು ಎದ್ದರು. ನಾನು ಮಾತ್ರ ಎಲೆ ಮಡಚಿಟ್ಟುಕೊಂಡು ಕೂತೇ ಇದ್ದೆ. "ಟೈಲರ್ರೇ, ಇನ್ನೊಂದು ಪಂಕ್ತಿಗೂ ಕೂರ್ತೀರಾ?" ಅಂತ ಬಡಿಸುವವರು ಕೇಳಿದರು.

ಅವತ್ತಿನಿಂದ ಟ್ರಯಲ್ ನೋಡುವಾಗ ಒಂದು ಸಲ ಕೂತು ಎದ್ದೇಳಿ ಅನ್ನುತ್ತೇನೆ. ಕೆಲವರು ನಗುತ್ತಾರೆ, ನಗಲಿ. ಜೀನ್ಸೇ ಬೇಕಾದರೆ ಒಳಗಿನ ಲೇಬಲ್ ಓದಿ. 98% ಕಾಟನ್, 2% ಇಲಾಸ್ಟೇನ್ ಅಂತ ಇದ್ದರೆ ಮೊಣಕಾಲು ಮಡಿಸಲು ಬಿಡುತ್ತೆ. ಧರ್ಮಸ್ಥಳಕ್ಕೆ ಹೊರಟಿದ್ದರೆ ಗುಂಡಿ ಇರುವ ಅಂಗಿ ಹಾಕಿ. ಒಳಗೆ ಅಂಗಿ, ಬನಿಯನ್ ಎರಡೂ ತೆಗೆಯಬೇಕು, ಬಿಗಿ ಟೀ ಶರ್ಟನ್ನು ಸಾಲಿನಲ್ಲಿ ನಿಂತು ತಲೆ ಮೇಲಿಂದ ಎಳೆಯುವುದು ಚೆಂದ ಅಲ್ಲ. ಪ್ಯಾಂಟಿನಿಂದ ಹೊರಗೆ ಬಿಡುವ ಶರ್ಟಾದರೆ ಕೆಳ ಅಂಚು ನೇರವಾಗಿರಲಿ, ಜಿಪ್ಪಿನ ಅರ್ಧಕ್ಕೆ ನಿಲ್ಲಲಿ. ಸಾವಿನ ಮನೆಗೆ ಹೋಗುವ ಮುಂಚೆ ಎದೆ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆ ಅಂತ ಒಂದು ಸಲ ಓದಿಕೊಳ್ಳಿ. ಅಷ್ಟೇ.

ಇಷ್ಟೆಲ್ಲ ಹೇಳುವ ನಾನೇನೂ ಸಾಚಾ ಅಲ್ಲ. ಹೋದ ವರ್ಷ ಒಬ್ಬ ಹುಡುಗ ಅವರಪ್ಪನನ್ನು ಕರೆದುಕೊಂಡು ಬಂದ. ಅಪ್ಪ ಬಸ್ ಕಂಡಕ್ಟರ್, ಆಗಷ್ಟೇ ರಿಟೈರ್ ಆಗಿದ್ದರು. "ಅಪ್ಪಂಗೆ ಒಂದು ಶರ್ಟು. ಅವರ ವಯಸ್ಸಿಗೆ ತಕ್ಕ ಹಾಗೆ ಏನಾದ್ರೂ ತೋರಿಸಿ" ಅಂದ. ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ, ಮಾತು ಅವರ ತಲೆ ಮೇಲಿಂದ ಹೋಗುತ್ತಿದೆ. ನಾನು ಮಾಡಿದ್ದೇನು? ಒಂದು ಮಾತೂ ಕೇಳದೆ ಬೂದಿ ಬಣ್ಣದ ಬಟ್ಟೆಯ ತಾನು ಎಳೆದು ಕೌಂಟರ್ ಮೇಲೆ ಹಾಸಿದೆ. ಆಮೇಲೆ ತಿಳಿ ಕೆನೆ ಬಣ್ಣದ್ದು. ಅಭ್ಯಾಸ.

ಅವರು ಎರಡನ್ನೂ ಮುಟ್ಟಲಿಲ್ಲ. "ಮೂವತ್ತು ವರ್ಷದ ಮೇಲೆ ಖಾಕಿನೇ ಹಾಕಿದ್ದೀನಿ" ಅಂದರು. ಖಾಕಿ ಅಂದರೆ ಧೂಳಿನ ಬಣ್ಣ, ಖಾಕ್ ಅಂದರೆ ಮಣ್ಣು. ಒಂದು ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲೂ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕೈ ಮೇಲಿನ ಶೆಲ್ಫಿಗೆ ಹೋಗಿತ್ತು. ನೇರಳೆ ಹಣ್ಣಿನ ಬಣ್ಣದ ಕಾಟನ್, ಯಾವನೋ ಕಾಲೇಜು ಹುಡುಗ ತಗೋತಾನೆ ಅಂತ ಇಟ್ಟಿದ್ದು. ಮಗ "ಅಪ್ಪಾ" ಅಂದ. ಅವರು ತಿರುಗಿಯೂ ನೋಡಲಿಲ್ಲ.

ಎರಡು ಮೀಟರು ಕತ್ತರಿಸಿದೆ. ಅರ್ಧ ತೋಳು. ಅಳತೆ ತಗೊಂಡು "ಜೇಬು ಒಂದೋ ಎರಡೋ?" ಅಂತ ಕೇಳಿದೆ.

"ಜೇಬೇ ಬೇಡ. ಚಿಲ್ಲರೆ ಹೊತ್ತು ಹೊತ್ತು ಸಾಕಾಗಿದೆ."

ಮೂರು ತಿಂಗಳಾದ ಮೇಲೆ ಅದೇ ಶರ್ಟು ಹಾಕಿಕೊಂಡು ಒಬ್ಬರೇ ಬಂದರು. ಒಗೆದು ಒಗೆದು ಬಣ್ಣ ಒಂದು ಸುತ್ತು ಇಳಿದಿತ್ತು. ಕನ್ನಡಕ ಇಟ್ಟುಕೊಳ್ಳಲು ಜಾಗ ಇಲ್ಲ, ಒಂದು ಜೇಬು ಹಾಕಿ ಕೊಡಿ ಅಂದರು. ತುಂಡು ಬಟ್ಟೆಯ ಚೀಲದಲ್ಲಿ ಹುಡುಕಿದೆ. ಅಂಗೈಯಗಲದ ಚೂರು ಸಿಕ್ಕಿತು, ಹೊಸದರ ಬಣ್ಣ ಹಾಗೇ ಇತ್ತು. "ಎದ್ದು ಕಾಣುತ್ತೆ ಯಜಮಾನ್ರೇ" ಅಂದೆ.

"ಕಾಣ್ಲಿ ಬಿಡಿ. ಕನ್ನಡಕ ಎಲ್ಲಿಟ್ಟೆ ಅಂತ ನಮ್ಮನೆಯವಳಿಗಾದ್ರೂ ಗೊತ್ತಾಗ್ಲಿ."

ಮೂವತ್ತು ರೂಪಾಯಿ ಅಂದೆ. ಐವತ್ತರ ನೋಟು ಚಾಚಿದರು. ನನ್ನ ಗಲ್ಲಾದಲ್ಲಿ ಚಿಲ್ಲರೆ ಇರಲಿಲ್ಲ. "ಇಳಿಯುವಾಗ ತಗೊಳ್ಳಿ" ಅಂದೆ.