ಸ್ಟೀರಿಂಗ್ ಕೆಳಗಿನ 16 ಪಿನ್ನು

ನಿನ್ನೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಏರು ಹತ್ತುವಾಗ ಕಾರು ಜರ್ಕ್ ಹೊಡೆಯೋಕೆ ಶುರುವಾಯಿತು, ಹಳದಿ ಎಂಜಿನ್ ಲೈಟ್ ಮಿನುಗಿತು. ಆ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗಿದರೆ ನಿಲ್ಲಿಸಲೇಬೇಕು, ಯಾಕಂದ್ರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡಬಹುದು.

ಪಕ್ಕಕ್ಕೆ ಹಾಕಿ, ಮಂಡಿಯೂರಿ ಮೊಬೈಲ್ ಟಾರ್ಚ್ ಬಿಟ್ಟು ಒಬಿಡಿ ಪೋರ್ಟ್, ಅಂದರೆ ಕಾರಿನ ಕಂಪ್ಯೂಟರ್ ಹಿಡಿದ ದೋಷ ಓದೋ ಸಾಕೆಟ್, ಹುಡುಕಿದೆ. ನನ್ನ ಗಾಡಿಯಲ್ಲಿ ಅದು ಬಾನೆಟ್ ಲಿವರ್ ಮೇಲ್ಗಡೆ ಇದೆ, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, 16 ಪಿನ್ನಿನ ಜಾಗ. ಬ್ಲೂಟೂತ್ ಅಡಾಪ್ಟರ್ ಒತ್ತಿ, ಕೀ ಆನ್ ಮಾಡಿ ಆ್ಯಪ್ ತೆರೆದರೆ ಪಿ0301 ಅನ್ನೋ ದೋಷದ ಕೋಡ್. ಅಂದರೆ ಒಂದನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಮಿಸ್ ಹೊಡೀತಿದೆ. ಗೆಳೆಯನ ಜೀಪಿಗೆ ಹಗ್ಗ ಕಟ್ಟಿ ಚಿಕ್ಕಮಗಳೂರಿಗೆ ಎಳೆದು ತಂದೆವು.

ಕೋಡ್ ನೋಡಿದ ತಕ್ಷಣ ಪಾರ್ಟ್ ಕೊಳ್ಳಬೇಡಿ. ಕಿಡಿ ಹಾರಿಸೋ ಪ್ಲಗ್, ಅದಕ್ಕೆ ಕರೆಂಟ್ ಕೊಡೋ ಕಾಯಿಲ್, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್, ಯಾವುದೂ ಆಗಿರಬಹುದು ಅಲ್ವಾ? ಇವತ್ತು ಎಂಜಿನ್ ತಣ್ಣಗಿದ್ದಾಗ ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡನೇದಕ್ಕೆ ಹಾಕಿದೆ, ಅಲ್ಲಿದ್ದದ್ದನ್ನು ಒಂದಕ್ಕೆ ಹಾಕಿದೆ, ಹಳೇ ಕೋಡ್ ಅಳಿಸಿ ಸ್ವಲ್ಪ ಹೊತ್ತು ಸ್ಟಾರ್ಟ್‌ನಲ್ಲಿಟ್ಟೆ. ಈಗ ಪಿ0302 ಬಂತು! ತೊಂದರೆ ಕಾಯಿಲ್ ಜೊತೆಗೇ ಹೋಗಿದೆ, ಹಾಗಾಗಿ ಕಾಯಿಲ್‌ದೇ ದೋಷ.

ಅಪ್ಪ ಬಾನೆಟ್ ಎತ್ತಿ, ಕಣ್ಮುಚ್ಚಿ ಶಬ್ದ ಕೇಳಿ ತೋಟದ ಜೀಪಿನ ರೋಗ ಹೇಳುತ್ತಿದ್ದರು. ಪಿ0302 ನೋಡಿದಾಗ ಅವರು ತುಂಬಾ ನೆನಪಾದರು.

ಮತ್ತೆ, ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಕೀ ಆಫ್ ಇದ್ದರೂ ಆ ಪೋರ್ಟಿಗೆ ಬ್ಯಾಟರಿ ಕರೆಂಟ್ ಬರ್ತಾನೇ ಇರುತ್ತದೆ.